ಸಣ್ಣ ದೋಣಿ ಹಾಗೂ ಹರಿಗೋಲುಗಳಿಗೆ ಮೀನು ಶೋಧಕ ಯಂತ್ರದ ಆಯ್ಕೆ: ಜಲಾಶಯ ಮತ್ತು ಕೆರೆ ಮೀನುಗಾರರಿಗೆ ಮಾಹಿತಿ

ಪೀಠಿಕೆ

ಸಮುದ್ರ ಮೀನುಗಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೀನು ಶೋಧಕ ಯಂತ್ರವು ಇತ್ತೀಚಿನ ವರ್ಷಗಳಲ್ಲಿ ಒಳನಾಡಿನ ಸಣ್ಣ ದೋಣಿಗಳಿಗೂ ಹೊಂದುವ ಗಾತ್ರದಲ್ಲಿ ಮಾರುಕಟ್ಟೆಯಲ್ಲಿ ದೊರೆಯುತ್ತಿದೆ. ಅಂಗಡಿಗಳಲ್ಲಿ ಇದನ್ನು ಫಿಶ್ ಫೈಂಡರ್ ಎಂದು ಕರೆಯಲಾಗುತ್ತದೆ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಮೀನುಗಾರರು ತುಂಗಭದ್ರಾ ಜಲಾಶಯ, ಅದರ ಕೆಳಗಿನ ನದಿ ಹಾಗೂ ಗ್ರಾಮಗಳ ಕೆರೆಗಳನ್ನು ಅವಲಂಬಿಸಿದ್ದು, ಬಂಡ್ರಿಯಂತಹ ಒಳನಾಡಿನ ಗ್ರಾಮಗಳ ನಿವಾಸಿಗಳೂ ಇಂತಹ ಯಂತ್ರವನ್ನು ಕೊಳ್ಳಬಹುದೇ, ಕೊಳ್ಳುವುದಾದರೆ ಯಾವ ಬಗೆಯದು ಸೂಕ್ತ ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಅವಶ್ಯಕ.

ಯಂತ್ರದ ಬೆಲೆಯು ಕೆಲವು ಸಾವಿರ ರೂಪಾಯಿಗಳಿಂದ ಆರಂಭವಾಗಿ ಒಂದು ಲಕ್ಷ ರೂಪಾಯಿಗಳಿಗೂ ಮೀರುತ್ತದೆ. ಹರಿಗೋಲು ಮತ್ತು ಬಲೆಯಿಂದಲೇ ಜೀವನ ಸಾಗಿಸುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಸಾಲ ಮಾಡಿ ತಂದ ಯಂತ್ರವು ಈ ಭಾಗದ ನೀರಿಗೆ ಹೊಂದದೆ ಮೂಲೆ ಸೇರಿದಲ್ಲಿ ಆ ನಷ್ಟವನ್ನು ಭರಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಈ ಕೆಳಗಿನ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದೆ. ಇದರ ಮುಖ್ಯಾಂಶವೇನೆಂದರೆ, ಆಳ ಕಡಿಮೆಯಿರುವ ಸಿಹಿನೀರಿನಲ್ಲಿ ಈ ಯಂತ್ರವು ಮೀನನ್ನು ತೋರಿಸುವುದಕ್ಕಿಂತ ನೀರಿನ ಆಳವನ್ನೂ ತಳದ ಸ್ವರೂಪವನ್ನೂ ಹೆಚ್ಚು ನಂಬಿಕೆಗೆ ಅರ್ಹವಾಗಿ ತೋರಿಸುತ್ತದೆ. ಆಯ್ಕೆಯನ್ನು ಈ ಅಂಶದ ಮೇಲೆ ಮಾಡತಕ್ಕದ್ದು.

ಯಂತ್ರವು ಕೆಲಸ ಮಾಡುವ ವಿಧಾನ

ಮೀನು ಶೋಧಕ ಯಂತ್ರದಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ನೀರಿನೊಳಗೆ ಇಳಿಸುವ ಸಂವೇದಕ, ಚಿತ್ರವನ್ನು ತೋರಿಸುವ ಪರದೆ ಮತ್ತು ಬ್ಯಾಟರಿ. ಅಂಗಡಿಯವರು ಟ್ರಾನ್ಸ್‌ಡ್ಯೂಸರ್ ಎಂದು ಕರೆಯುವ ಸಂವೇದಕವು ಮನುಷ್ಯರ ಕಿವಿಗೆ ಕೇಳಿಸದ ಧ್ವನಿಯನ್ನು ನೀರಿನೊಳಗೆ ಕೆಳಮುಖವಾಗಿ ಕಳುಹಿಸುತ್ತದೆ. ಆ ಧ್ವನಿಯು ತಳಕ್ಕೆ, ಮರದ ಬೊಡ್ಡೆಗೆ ಅಥವಾ ಮೀನಿಗೆ ತಗುಲಿ ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ನೀರಿನಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಚಲಿಸುವುದರಿಂದ, ಹೋಗಿ ಬರಲು ಹಿಡಿದ ಸಮಯವನ್ನು ಲೆಕ್ಕ ಹಾಕಿ ಯಂತ್ರವು ಆಳವನ್ನು ಸೂಚಿಸುತ್ತದೆ. 10 ಮೀಟರ್ ಆಳದ ತಳದಿಂದ ಪ್ರತಿಧ್ವನಿ ಹಿಂದಿರುಗಲು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಸಾಕು.

ಮೀನಿನ ಮಾಂಸವು ಬಹುಪಾಲು ನೀರಿನಂತೆಯೇ ಇರುವುದರಿಂದ ಅದರಿಂದ ಬರುವ ಪ್ರತಿಧ್ವನಿ ದುರ್ಬಲ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಬಲವಾದ ಪ್ರತಿಧ್ವನಿಯನ್ನು ನೀಡುತ್ತದೆ. ಇದೇ ತತ್ವವನ್ನು ಬಳಸಿ ಜಪಾನಿನ ಫುರುನೊ ಸಹೋದರರು 1948ರಲ್ಲಿ ಮೀನುಗಾರರಿಗೆಂದೇ ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದು ಸಮುದ್ರಕ್ಕಾಗಿ, ನೂರಾರು ಮೀನುಗಳ ದೊಡ್ಡ ಗುಂಪನ್ನು ಆಳದಲ್ಲಿ ಗುರುತಿಸುವುದಕ್ಕಾಗಿ ರೂಪುಗೊಂಡ ಸಾಧನ ಎಂಬುದನ್ನು ಒಳನಾಡಿನ ಮೀನುಗಾರರು ಗಮನದಲ್ಲಿಡುವುದು.

ಈ ಭಾಗದ ಜಲಮೂಲಗಳ ಸ್ವರೂಪ

ಯಾವ ಯಂತ್ರ ಬೇಕು ಎಂಬುದನ್ನು ನೀರೇ ನಿರ್ಧರಿಸುತ್ತದೆ. ಈ ಭಾಗದ ಜಲಮೂಲಗಳನ್ನು ಮೂರು ಬಗೆಗಳಾಗಿ ನೋಡಬಹುದು.

1. ತುಂಗಭದ್ರಾ ಜಲಾಶಯ: 1945ರಲ್ಲಿ ಕಾಮಗಾರಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಪೂರ್ಣ ಮಟ್ಟ 1,633 ಅಡಿಗಳು. ಪೂರ್ಣ ಮಟ್ಟದಲ್ಲಿ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುವಂತೆ ಯೋಜಿಸಲಾಗಿತ್ತು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯವು ಹೂಳಿನಿಂದಾಗಿ 2016ರ ಸಮೀಕ್ಷೆಯಂತೆ 105.788 ಟಿಎಂಸಿಗೆ ಇಳಿದಿದೆ. ಈ ಅಂಕಿಗಳಿಂದ ಲೆಕ್ಕ ಹಾಕಿದಲ್ಲಿ, ಜಲಾಶಯವು ತುಂಬಿರುವಾಗಲೂ ಸರಾಸರಿ ಆಳವು ಸುಮಾರು 8 ಮೀಟರ್ ಮಾತ್ರ. ಅಣೆಕಟ್ಟೆಯ ಬಳಿ ಹಾಗೂ ಹಳೆಯ ನದಿಪಾತ್ರದಲ್ಲಿ ಆಳ ಹೆಚ್ಚಿದ್ದು, ಹಿನ್ನೀರಿನ ಬಹುಭಾಗವು ಅದಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ವಿಶಾಲವಾದ ಹಿನ್ನೀರು ಬಯಲಾಗುತ್ತದೆ.

2. ಅಣೆಕಟ್ಟೆಯ ಕೆಳಗಿನ ನದಿ: ಹಂಪಿ, ಆನೆಗೊಂದಿ ಮಾರ್ಗವಾಗಿ ಕಂಪ್ಲಿಯವರೆಗೆ ನದಿಯು ಬಂಡೆಗಳ ನಡುವೆ ಹರಿಯುತ್ತದೆ. ಇಲ್ಲಿ ಆಳವು ಕೆಲವೇ ಮಾರುಗಳ ಅಂತರದಲ್ಲಿ ಬದಲಾಗುತ್ತದೆ. ನೀರು ಬಿಟ್ಟಾಗ ಸೆಳೆತವೂ ಬದಲಾಗುತ್ತದೆ.

3. ಕೆರೆಗಳು ಮತ್ತು ಸಣ್ಣ ಜಲಾಶಯಗಳು: ಸಂಡೂರು ತಾಲ್ಲೂಕಿನ ನಾರಿಹಳ್ಳ ಜಲಾಶಯ, ದರೋಜಿ ಕೆರೆ, ಹಂಪಿ ಬಳಿಯ ಕಮಲಾಪುರ ಕೆರೆ ಹಾಗೂ ಗ್ರಾಮಗಳ ಸಣ್ಣ ಕೆರೆಗಳು ಈ ಬಗೆಗೆ ಸೇರಿವೆ. ಗ್ರಾಮದ ಸಣ್ಣ ಕೆರೆಯ ತಳವನ್ನು ನೀರು ಬತ್ತಿದ ವರ್ಷಗಳಲ್ಲಿ ಊರಿನವರು ಕಣ್ಣಾರೆ ನೋಡಿರುತ್ತಾರೆ.

ಈ ಮೂರರಲ್ಲಿ ಯಂತ್ರದಿಂದ ನಿಜವಾದ ಪ್ರಯೋಜನವಿರುವುದು ಮೊದಲನೆಯ ಬಗೆಯಲ್ಲಿ. ಎರಡು ಮೂರು ಮೀಟರ್ ಆಳದ ಕೆರೆಯಲ್ಲಿ ಗುರುತು ಹಾಕಿದ ಬಿದಿರಿನ ಗಳ ಅಥವಾ ಕಲ್ಲು ಕಟ್ಟಿದ ಹಗ್ಗವೇ ಸಾಕಾಗುತ್ತದೆ. ಅದಕ್ಕಾಗಿ ಯಂತ್ರವನ್ನು ಕೊಳ್ಳುವ ಅಗತ್ಯವಿಲ್ಲ. ನದಿಯಲ್ಲಿ ಯಂತ್ರವು ಹರಿಗೋಲಿನ ಕೆಳಗಿನ ಆಳವನ್ನಷ್ಟೇ ತೋರಿಸುತ್ತದೆ. ಎದುರಿಗಿರುವ ಬಂಡೆಯನ್ನು ಅದು ತೋರಿಸುವುದಿಲ್ಲ. ಬಂಡೆಯು ಪರದೆಯ ಮೇಲೆ ಕಾಣುವ ಹೊತ್ತಿಗೆ ಹರಿಗೋಲು ಅದರ ಮೇಲೆಯೇ ಇರುತ್ತದೆ.

ಮೀನುಗಳ ಸ್ವಭಾವ ಮತ್ತು ಯಂತ್ರದ ಮಿತಿ

ಜಲಾಶಯ ಮತ್ತು ಕೆರೆಗಳಲ್ಲಿ ಬಿತ್ತನೆ ಮಾಡಲಾಗುವ ಮೂರು ಮುಖ್ಯ ಗೆಂಡೆ ಮೀನುಗಳು ನೀರಿನ ಮೂರು ಬೇರೆ ಬೇರೆ ಪದರಗಳಲ್ಲಿ ಮೇಯುತ್ತವೆ. ಕಟ್ಲ ಮೇಲ್ಪದರದಲ್ಲಿ, ರೋಹು ನಡುಪದರದಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಈ ಕ್ರಮವನ್ನು ಯಂತ್ರದ ಕಾರ್ಯವಿಧಾನಕ್ಕೆ ಹೋಲಿಸಿ ನೋಡಿದಲ್ಲಿ ಅದರ ಮಿತಿಯು ಸ್ಪಷ್ಟವಾಗುತ್ತದೆ.

ಸಂವೇದಕದಿಂದ ಹೊರಡುವ ಧ್ವನಿಯು ತಲೆಕೆಳಗಾಗಿ ಹಿಡಿದ ಆಲಿಕೆಯಂತೆ ಕೆಳಗೆ ಹೋದಂತೆ ಅಗಲವಾಗುತ್ತದೆ. ಮೇಲ್ಪದರದಲ್ಲಿ ಅದರ ಅಗಲ ಬಹಳ ಕಡಿಮೆಯಾದ್ದರಿಂದ ಕಟ್ಲ ಮೀನು ಹರಿಗೋಲಿನ ಪಕ್ಕದಲ್ಲಿದ್ದರೂ ಪರದೆಯ ಮೇಲೆ ಬರುವುದಿಲ್ಲ. ಸಾಲದುದಕ್ಕೆ, ಆಳ ಕಡಿಮೆಯಿರುವಲ್ಲಿ ಹುಟ್ಟಿನ ಸದ್ದಿಗೆ ಮೀನು ದೂರ ಸರಿಯುತ್ತದೆ. ತಳಕ್ಕೆ ಅಂಟಿಕೊಂಡಂತೆ ಮೇಯುವ ಮೃಗಾಲ್ ಹಾಗೂ ತಳದ ಬಳಿ ಅಡಗುವ ಬಾಳೆ ಮೀನಿನ ಪ್ರತಿಧ್ವನಿಯು ತಳದ ಬಲವಾದ ಪ್ರತಿಧ್ವನಿಯಲ್ಲಿ ಕಲೆತುಹೋಗುತ್ತದೆ. ಹೀಗಾಗಿ ಯಂತ್ರಕ್ಕೆ ಚೆನ್ನಾಗಿ ಕಾಣುವುದು ನಡುಪದರದ ಮೀನು ಮಾತ್ರ. ಪರದೆ ಖಾಲಿಯಿದೆ ಎಂದ ಮಾತ್ರಕ್ಕೆ ಆ ಸ್ಥಳದಲ್ಲಿ ಮೀನಿಲ್ಲವೆಂದು ತಿಳಿಯತಕ್ಕದ್ದಲ್ಲ.

ಇದಕ್ಕೆ ವಿರುದ್ಧವಾಗಿ, ಮೀನಿಲ್ಲದಿದ್ದರೂ ಮೀನು ತೋರಿಸುವ ಸಂದರ್ಭಗಳಿವೆ. ಹಲವು ಯಂತ್ರಗಳಲ್ಲಿ ಪ್ರತಿಧ್ವನಿಯನ್ನು ಮೀನಿನ ಚಿತ್ರವಾಗಿ ಬದಲಾಯಿಸಿ ತೋರಿಸುವ ಸೌಲಭ್ಯವಿರುತ್ತದೆ. ಮುಳುಗಿದ ಮರದ ಕೊಂಬೆ, ಹೂಳಿನಿಂದ ಏಳುವ ಗುಳ್ಳೆ, ತೇಲುವ ಕಸ ಇವುಗಳನ್ನೂ ಯಂತ್ರವು ಮೀನಿನ ಚಿತ್ರವಾಗಿಯೇ ತೋರಿಸಬಹುದು. ಆದ ಕಾರಣ ಈ ಸೌಲಭ್ಯವನ್ನು ಸ್ಥಗಿತಗೊಳಿಸಿ, ಮೂಲ ಪ್ರತಿಧ್ವನಿಯ ಚಿತ್ರವನ್ನು ಓದುವುದನ್ನು ಅಭ್ಯಾಸ ಮಾಡಿಕೊಳ್ಳುವುದು ಉತ್ತಮ. ಪರದೆಯ ಬಲಭಾಗದ ಅಂಚು ಈ ಕ್ಷಣದ್ದು. ಎಡಕ್ಕೆ ಸರಿದಿರುವುದೆಲ್ಲ ಹಿಂದೆ ದಾಟಿ ಬಂದದ್ದು. ಎಡಭಾಗದಲ್ಲಿ ಕಾಣುವ ಮೀನಿನ ಮೇಲೆ ಈಗ ಬಲೆ ಹಾಕುವುದು ವ್ಯರ್ಥ.

ತಳದ ಮಾಹಿತಿಯ ಪ್ರಯೋಜನ

ತುಂಗಭದ್ರಾ ಜಲಾಶಯ ನಿರ್ಮಾಣವಾದಾಗ ನಾರಾಯಣದೇವರಕೆರೆ ಸೇರಿದಂತೆ ಹಲವು ಗ್ರಾಮಗಳು ಮುಳುಗಡೆಯಾದವು. ನಾರಾಯಣದೇವರಕೆರೆಯ ನಿವಾಸಿಗಳು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಮುಳುಗಡೆ ಪ್ರದೇಶದ ತಳದಲ್ಲಿ ಕಲ್ಲುಗೋಡೆ, ಬದು, ಬಂಡೆ ಮತ್ತು ಮರದ ಬೊಡ್ಡೆಗಳು ಇರುವ ಸಂಭವವಿದ್ದು, ಇವುಗಳಿಗೆ ಸಿಲುಕಿದ ಬಲೆಯು ಹರಿಯುತ್ತದೆ ಅಥವಾ ಅಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದ ನೈಲಾನ್ ಬಲೆಯು ಕೊಳೆಯದೆ ಮೀನುಗಳನ್ನು ಕೊಲ್ಲುತ್ತಲೇ ಇರುತ್ತದೆ. ಬಲೆ ಹಾಕುವ ಮುನ್ನ ತಳವನ್ನು ನೋಡಿಕೊಂಡಲ್ಲಿ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ತಳದ ಚಿತ್ರವನ್ನು ಓದುವ ಕ್ರಮ ಹೀಗಿದೆ:

• ಗಟ್ಟಿ ನೆಲ ಅಥವಾ ಬಂಡೆ ಇದ್ದಲ್ಲಿ ತಳದ ಗೆರೆಯು ಪ್ರಖರವಾಗಿರುತ್ತದೆ. ಅದರ ಎರಡರಷ್ಟು ಆಳದಲ್ಲಿ ಮತ್ತೊಂದು ಮಸುಕು ಗೆರೆಯೂ ಕಾಣಬಹುದು. ಅದು ನಿಜವಾದ ತಳವಲ್ಲ.
• ಹೂಳು ತುಂಬಿದಲ್ಲಿ ಗೆರೆಯು ಮಂಕಾಗಿರುತ್ತದೆ.
• ಬೊಡ್ಡೆ ಹಾಗೂ ಗೋಡೆಗಳು ತಳದಿಂದ ಮೇಲಕ್ಕೆದ್ದ ಗುರುತುಗಳಾಗಿ ಕಾಣುತ್ತವೆ.
• ತಳವು ಥಟ್ಟನೆ ಇಳಿದಲ್ಲಿ ಅದು ಹಳೆಯ ಹಳ್ಳ ಅಥವಾ ನದಿಪಾತ್ರದ ಅಂಚಾಗಿರಬಹುದು. ಮೀನುಗಳು ಇಂತಹ ಅಂಚುಗಳ ಉದ್ದಕ್ಕೂ ಓಡಾಡುವುದು ಅನುಭವಿ ಮೀನುಗಾರರಿಗೆ ತಿಳಿದ ವಿಷಯವೇ.

ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಗಿಲ್‌ನೆಟ್ ಬಲೆಯ ಎತ್ತರವನ್ನು ಆಳಕ್ಕೆ ಹೊಂದಿಸಲೂ ಈ ಮಾಹಿತಿ ಸಹಾಯಕ.

ಧ್ವನಿಯ ಆವರ್ತನ ಮತ್ತು ಹರವು

ಯಂತ್ರದ ಪೆಟ್ಟಿಗೆಯ ಮೇಲೆ 50, 83, 200, 455 ಅಥವಾ 800 ಕಿಲೋಹರ್ಟ್ಸ್ ಎಂಬ ಸಂಖ್ಯೆಗಳನ್ನು ನಮೂದಿಸಲಾಗಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಧ್ವನಿಯು ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಚಿತ್ರವು ಸ್ಪಷ್ಟವಾಗುತ್ತದೆ, ಆದರೆ ಧ್ವನಿ ಬೇಗ ಕ್ಷೀಣಿಸುತ್ತದೆ. 50 ಕಿಲೋಹರ್ಟ್ಸ್ ಆಳಸಮುದ್ರಕ್ಕೆ ತಕ್ಕದ್ದಾಗಿದ್ದು ಈ ಭಾಗಕ್ಕೆ ಅನವಶ್ಯಕ. ನೂರಾರು ಮೀಟರ್ ಆಳ ಅಳೆಯುತ್ತದೆ ಎಂಬ ಜಾಹೀರಾತಿಗಾಗಿ ಹೆಚ್ಚಿನ ಹಣ ನೀಡತಕ್ಕದ್ದಲ್ಲ.

ಸಾಮಾನ್ಯವಾಗಿ ದೊರೆಯುವ 200 ಕಿಲೋಹರ್ಟ್ಸ್ ಸಂವೇದಕದ ಹರವು 20 ಡಿಗ್ರಿ ಹಾಗೂ 83 ಕಿಲೋಹರ್ಟ್ಸ್ ಸಂವೇದಕದ ಹರವು 60 ಡಿಗ್ರಿಯಷ್ಟಿರುತ್ತದೆ. ಇವು ತಳದಲ್ಲಿ ಆವರಿಸುವ ಅಗಲವು ಸುಮಾರಾಗಿ ಈ ಕೆಳಗಿನಂತಿದೆ:

• 2 ಮೀಟರ್ ಆಳದಲ್ಲಿ: 20 ಡಿಗ್ರಿ ಹರವಿಗೆ 0.7 ಮೀಟರ್, 60 ಡಿಗ್ರಿ ಹರವಿಗೆ 2.3 ಮೀಟರ್
• 4 ಮೀಟರ್ ಆಳದಲ್ಲಿ: 20 ಡಿಗ್ರಿ ಹರವಿಗೆ 1.4 ಮೀಟರ್, 60 ಡಿಗ್ರಿ ಹರವಿಗೆ 4.6 ಮೀಟರ್
• 8 ಮೀಟರ್ ಆಳದಲ್ಲಿ: 20 ಡಿಗ್ರಿ ಹರವಿಗೆ 2.8 ಮೀಟರ್; 60 ಡಿಗ್ರಿ ಹರವಿಗೆ 9.2 ಮೀಟರ್

ಅಗಲವಾದ ಹರವು ಹೆಚ್ಚು ಪ್ರದೇಶವನ್ನು ತೋರಿಸುತ್ತದೆ. ಆದರೆ ಇಳಿಜಾರಿನಲ್ಲಿ ಅದು ಹತ್ತಿರದ ಮೇಲಂಚಿನ ಆಳವನ್ನೇ ತಳವೆಂದು ಸೂಚಿಸಿ, ಕೆಳಗಿನ ತಗ್ಗನ್ನು ಮರೆಮಾಡುತ್ತದೆ. ಕಿರಿದಾದ ಹರವು ತಳವನ್ನು ನಿಖರವಾಗಿ ತೋರಿಸುತ್ತದೆ. ಆದ್ದರಿಂದ ಎರಡೂ ಆವರ್ತನಗಳಿರುವ ಯಂತ್ರವು ಜಲಾಶಯದ ಹಿನ್ನೀರಿಗೆ ಹೆಚ್ಚು ಸೂಕ್ತ. ಹಲವು ಆವರ್ತನಗಳನ್ನು ಒಟ್ಟಿಗೆ ಕಳುಹಿಸುವ ಚಿರ್ಪ್ ತಂತ್ರಜ್ಞಾನವಿದ್ದಲ್ಲಿ ಹತ್ತಿರ ಹತ್ತಿರವಿರುವ ಮೀನುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದಿದ್ದರೆ ಅದನ್ನು ಪರಿಗಣಿಸಬಹುದು.

455 ಮತ್ತು 800 ಕಿಲೋಹರ್ಟ್ಸ್ ಬಳಸಿ ಎರಡೂ ಪಕ್ಕಗಳ ಚಿತ್ರ ತೆಗೆಯುವ ಯಂತ್ರಗಳು ದುಬಾರಿ. ಇವುಗಳ ಚಿತ್ರ ಸರಿಯಾಗಿ ಮೂಡಲು ದೋಣಿಯು ಒಂದೇ ವೇಗದಲ್ಲಿ ನೇರವಾಗಿ ಸಾಗಬೇಕು. ಸುತ್ತುತ್ತಾ ಸಾಗುವ ಹರಿಗೋಲಿನಲ್ಲಿ ಇದು ಸಾಧ್ಯವಾಗುವುದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಹೆಚ್ಚಿನ ಆವರ್ತನದ ಧ್ವನಿಯು ಮತ್ತಷ್ಟು ದುರ್ಬಲವಾಗುತ್ತದೆ ಎಂಬುದನ್ನೂ ಗಮನಿಸುವುದು.

ಯಂತ್ರಗಳ ಬಗೆ

1. ದೋಣಿಗೆ ಸ್ಥಿರವಾಗಿ ಅಳವಡಿಸುವ ಯಂತ್ರ: ಹಿಂಬದಿ ಹಲಗೆ ಹಾಗೂ ಮೋಟಾರು ಇರುವ ದೋಣಿಗಳಿಗೆ ಸೂಕ್ತ. ಹರಿಗೋಲಿಗೆ ಸೂಕ್ತವಲ್ಲ.

2. ಕೈಯಲ್ಲಿ ಒಯ್ಯಬಹುದಾದ ಯಂತ್ರ: ಪರದೆ, ಬ್ಯಾಟರಿ ಮತ್ತು ಸಂವೇದಕ ಒಂದೇ ಚೀಲದಲ್ಲಿರುತ್ತವೆ. ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತರುವ ಮೀನುಗಾರರಿಗೆ ಇದು ಅನುಕೂಲಕರ. ಪ್ರತಿದಿನ ಮನೆಗೆ ಒಯ್ಯಬಹುದಾದ್ದರಿಂದ ಕಳವಿನ ಭಯವೂ ಕಡಿಮೆ.

3. ನೀರಿಗೆ ಎಸೆಯುವ ಚೆಂಡಿನಂತಹ ಯಂತ್ರ: ಇದು ತೇಲುತ್ತಾ ಮೊಬೈಲ್ ಫೋನಿಗೆ ಚಿತ್ರವನ್ನು ಕಳುಹಿಸುತ್ತದೆ. ಬೆಲೆ ಕಡಿಮೆಯಿದ್ದು ತಂತಿಗಳ ತೊಂದರೆ ಇರುವುದಿಲ್ಲ. ಆದರೆ ಫೋನು ಒದ್ದೆಯಾಗುವ ಅಪಾಯ, ಬಿಸಿಲಿನಲ್ಲಿ ಫೋನಿನ ಪರದೆ ಕಾಣದಿರುವುದು ಹಾಗೂ ಯಂತ್ರದ ಬ್ಯಾಟರಿ ಕೆಲವು ಗಂಟೆಗಳಲ್ಲಿ ಮುಗಿಯುವುದು ಇದರ ಮಿತಿಗಳು. ನಿಸ್ತಂತು ಸಂಪರ್ಕವುಳ್ಳ ಸಾಧನಗಳ ಆಮದಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ ಅಗತ್ಯವಾಗಿರುವುದರಿಂದ, ವಿದೇಶದಿಂದ ನೇರವಾಗಿ ತರಿಸದೆ ಭಾರತದಲ್ಲಿ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳುವುದು.

ಹರಿಗೋಲಿಗೆ ಅಳವಡಿಸುವ ಕ್ರಮ

ಧ್ವನಿಯು ಗಾಳಿಯ ಪದರವನ್ನು ದಾಟಲಾರದು. ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಹರಿಗೋಲಿನಲ್ಲಿ ಹೆಣಿಗೆಯ ನಡುವೆ ಗಾಳಿಯಿರುವುದರಿಂದ, ಸಂವೇದಕವನ್ನು ಒಳಗಿಟ್ಟು ತಳದ ಮೂಲಕ ಅಳೆಯಲು ಬರುವುದಿಲ್ಲ. ನಡುವೆ ಫೋಮ್ ಅಥವಾ ಗಾಳಿಯ ಪದರವಿಲ್ಲದ ಗಟ್ಟಿ ಫೈಬರ್ ದೋಣಿಗಳಲ್ಲಿ ಮಾತ್ರ ಈ ವಿಧಾನ ಸಾಧ್ಯ.

ಹರಿಗೋಲಿನಲ್ಲಿ ಸಂವೇದಕವನ್ನು ಒಂದು ಬಿದಿರಿನ ಕೋಲಿನ ತುದಿಗೆ ಬಿಗಿದು, ಕೋಲನ್ನು ಅಂಚಿಗೆ ಕಟ್ಟಿ, ಸಂವೇದಕವು ನೀರಿನಲ್ಲಿ ಪೂರ್ಣವಾಗಿ ಮುಳುಗಿ ನೇರವಾಗಿ ಕೆಳಮುಖವಾಗಿರುವಂತೆ ನೋಡಿಕೊಳ್ಳುವುದು. ಹುಟ್ಟು ಹಾಕುವ ಕಡೆಗೆ ಕಟ್ಟಿದಲ್ಲಿ ಗುಳ್ಳೆಗಳಿಂದ ಚಿತ್ರ ಕೆಡುತ್ತದೆ. ಆದ ಕಾರಣ ಎದುರು ಬದಿಯಲ್ಲಿ ಕಟ್ಟುವುದು. ಬಲೆ ಬಿಡುವಾಗ ಮತ್ತು ಎಳೆಯುವಾಗ ಕೋಲನ್ನು ಮೇಲೆತ್ತಿಡತಕ್ಕದ್ದು, ಇಲ್ಲವಾದಲ್ಲಿ ಬಲೆಯು ಅದಕ್ಕೆ ಸಿಲುಕುತ್ತದೆ. ಪರದೆಯನ್ನು ನೋಡಲು ಒಂದೇ ಕಡೆಗೆ ಇಬ್ಬರೂ ಬಾಗಿದಲ್ಲಿ ಹರಿಗೋಲು ವಾಲುತ್ತದೆ. ಒಬ್ಬರು ಮಾತ್ರ ಪರದೆ ನೋಡುವುದು, ಇನ್ನೊಬ್ಬರು ಹುಟ್ಟು ಬಿಡದಿರುವುದು.

ಬ್ಯಾಟರಿ

ಸಣ್ಣ ಯಂತ್ರಗಳು ಬಹುತೇಕ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ಯಂತ್ರವು ಗಂಟೆಗೆ ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಬ್ಯಾಟರಿಯನ್ನು ಆರಿಸುವುದು. ಉದಾಹರಣೆಗೆ, ಅರ್ಧ ಆಂಪಿಯರ್ ಬಳಸುವ ಯಂತ್ರಕ್ಕೆ 7 ಆಂಪಿಯರ್-ಅವರ್ ಸಾಮರ್ಥ್ಯದ ಸೀಸದ ಬ್ಯಾಟರಿಯು ಲೆಕ್ಕದಂತೆ 14 ಗಂಟೆ ಬರಬೇಕು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಲ್ಲಿ ಅದರ ಆಯುಷ್ಯ ಕುಗ್ಗುವುದರಿಂದ 7 ಗಂಟೆಯೆಂದೇ ಎಣಿಸುವುದು. ಲಿಥಿಯಂ ಬ್ಯಾಟರಿಯು ಹಗುರ ಮತ್ತು ಹೆಚ್ಚು ಕಾಲ ಬಾಳುತ್ತದೆ, ಬೆಲೆ ಹೆಚ್ಚು. ಬ್ಯಾಟರಿಯ ತಂತಿಗೆ ಕೈಪಿಡಿಯಲ್ಲಿ ಸೂಚಿಸಿದ ಫ್ಯೂಸ್ ಅಳವಡಿಸುವುದು ಕಡ್ಡಾಯವೆಂದು ಭಾವಿಸುವುದು ಹಾಗೂ ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡುವುದು.

ಪರದೆ ಮತ್ತು ಜಿಪಿಎಸ್

ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಬಿಸಿಲಿನಲ್ಲಿ ಪರದೆ ಕಾಣಿಸದಿದ್ದರೆ ಉಳಿದ ಗುಣಗಳೆಲ್ಲ ನಿರರ್ಥಕ. ಯಂತ್ರವನ್ನು ಅಂಗಡಿಯ ಹೊರಗೆ ಮಧ್ಯಾಹ್ನದ ಬಿಸಿಲಿನಲ್ಲಿ ಚಾಲೂ ಮಾಡಿಸಿ ನೋಡುವುದು. ನಾಲ್ಕೈದು ಇಂಚಿನ ಪರದೆ ಸಾಕು. ನೀರಿನಿಂದ ರಕ್ಷಣೆಗಾಗಿ ಐಪಿಎಕ್ಸ್7 ಎಂಬ ಗುರುತಿದೆಯೇ ಎಂದು ಪರಿಶೀಲಿಸುವುದು. ಈ ಗುರುತಿನ ಯಂತ್ರವು ಒಂದು ಮೀಟರ್ ನೀರಿನಲ್ಲಿ 30 ನಿಮಿಷಗಳವರೆಗೆ ಮುಳುಗಿದರೂ ಕೆಡದಂತೆ ಪರೀಕ್ಷೆಗೆ ಒಳಪಟ್ಟಿರುತ್ತದೆ.

ಜಿಪಿಎಸ್ ಇರುವ ಯಂತ್ರದಲ್ಲಿ ಬಲೆ ಬಿಟ್ಟ ಸ್ಥಳ, ಬೊಡ್ಡೆ ಇರುವ ಸ್ಥಳ ಹಾಗೂ ದಡ ಸೇರುವ ಸ್ಥಳವನ್ನು ಗುರುತು ಹಾಕಿಡಬಹುದು. ಮುಂಜಾನೆಯ ಮಂಜಿನಲ್ಲಿ ಇಲ್ಲವೆ ಕತ್ತಲಲ್ಲಿ ವಿಶಾಲ ಹಿನ್ನೀರಿನಿಂದ ದಡಕ್ಕೆ ಮರಳಲು ಇದು ನೆರವಾಗುತ್ತದೆ. ಹಣದ ಮಿತಿಯೊಳಗೆ ಒಂದು ಹೆಚ್ಚುವರಿ ಸೌಲಭ್ಯವನ್ನು ಆರಿಸಬಹುದಾದರೆ ಅದು ಜಿಪಿಎಸ್ ಆಗಿರಲಿ. ಒಮ್ಮೆ ಗುರುತು ಹಾಕಿದ ಸ್ಥಳದ ಆಳವು ಜಲಾಶಯದ ಮಟ್ಟದೊಂದಿಗೆ ಬದಲಾಗುವುದರಿಂದ, ಗುರುತಿನ ಜೊತೆಗೆ ಆ ದಿನದ ಜಲಾಶಯದ ಮಟ್ಟವನ್ನೂ ಬರೆದಿಡತಕ್ಕದ್ದು.

ಖರೀದಿಯ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು

1. ಒಂದೇ ಗ್ರಾಮದ ಹಲವು ಮೀನುಗಾರರು ಅಥವಾ ಸಹಕಾರ ಸಂಘವು ಸೇರಿ ಒಂದು ಯಂತ್ರವನ್ನು ಕೊಂಡು, ಅದರಿಂದ ಹಿನ್ನೀರಿನ ಆಳ ಮತ್ತು ಅಡೆತಡೆಗಳ ನಕ್ಷೆಯನ್ನು ಸಿದ್ಧಪಡಿಸಿ ಎಲ್ಲರೂ ಬಳಸಬಹುದು. ತಳವು ದಿನಕ್ಕೊಂದು ಬಗೆಯಾಗಿ ಬದಲಾಗುವುದಿಲ್ಲವಾದ್ದರಿಂದ ಪ್ರತಿ ಹರಿಗೋಲಿಗೆ ಒಂದು ಯಂತ್ರದ ಅವಶ್ಯಕತೆಯಿಲ್ಲ.
2. ಜಿಎಸ್‌ಟಿ ಸಹಿತ ಬಿಲ್ಲು ಹಾಗೂ ಭಾರತದಲ್ಲಿ ಅನ್ವಯವಾಗುವ ವಾರಂಟಿ ಪತ್ರವನ್ನು ಪಡೆಯುವುದು.
3. ಸಂವೇದಕವು ಹಾಳಾದಲ್ಲಿ ಅದೊಂದೇ ಪ್ರತ್ಯೇಕವಾಗಿ ದೊರೆಯುವುದೇ ಎಂದು ವಿಚಾರಿಸುವುದು.
4. ಕೊಂಡ ವಾರದೊಳಗೆ ಪರೀಕ್ಷೆ ಮಾಡುವುದು. ಒಂದು ಹಗ್ಗಕ್ಕೆ ಕಬ್ಬಿಣದ ತೂಕ ಕಟ್ಟಿ ಮೀಟರಿಗೊಂದು ಗುರುತು ಹಾಕಿ, ಮೂರು ಬೇರೆ ಬೇರೆ ಸ್ಥಳಗಳಲ್ಲಿ ಹಗ್ಗದ ಅಳತೆಯನ್ನು ಯಂತ್ರದ ಅಳತೆಯೊಂದಿಗೆ ಹೋಲಿಸುವುದು. ಅಳತೆಯನ್ನು ಅಡಿಯಲ್ಲಿ ತೋರಿಸುತ್ತಿದೆಯೇ ಮೀಟರಿನಲ್ಲಿಯೇ ಎಂಬುದನ್ನು ಮೊದಲು ನೋಡಿಕೊಳ್ಳುವುದು.
5. ದೋಷವಿದ್ದು ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಜೀವರಕ್ಷಣೆಗೆ ಮೊದಲ ಆದ್ಯತೆ

ಹರಿಗೋಲಿನಲ್ಲಿ ಹೋಗುವ ಪ್ರತಿಯೊಬ್ಬರಿಗೂ ಒಂದೊಂದು ಜೀವರಕ್ಷಕ ಜಾಕೆಟ್ ಇಲ್ಲದಿದ್ದಲ್ಲಿ, ಮೀನು ಶೋಧಕ ಯಂತ್ರಕ್ಕೆ ಕೂಡಿಟ್ಟ ಹಣವನ್ನು ಮೊದಲು ಜಾಕೆಟ್ಟುಗಳಿಗೆ ಬಳಸತಕ್ಕದ್ದು. ಯಂತ್ರವು ಆಳವನ್ನು ತೋರಿಸುತ್ತದೆಯೇ ಹೊರತು ಗಾಳಿ, ಅಲೆ ಮತ್ತು ಸೆಳೆತವನ್ನು ತೋರಿಸುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ನದಿಗೆ ಭಾರಿ ಪ್ರಮಾಣದ ನೀರು ಹರಿದದ್ದು ಈ ಭಾಗದ ಜನರಿಗೆ ತಿಳಿದೇ ಇದೆ. ನೀರು ಬಿಡುವ ಬಗ್ಗೆ ಆಡಳಿತವು ಎಚ್ಚರಿಕೆ ನೀಡಿದಾಗ ನದಿಗೆ ಇಳಿಯತಕ್ಕದ್ದಲ್ಲ. ಅಣೆಕಟ್ಟೆಯ ಗೇಟುಗಳ ಮತ್ತು ಕಾಲುವೆ ತೂಬುಗಳ ಸಮೀಪಕ್ಕೆ ಯಾವುದೇ ಕಾಲದಲ್ಲಿ ಹರಿಗೋಲನ್ನು ಒಯ್ಯತಕ್ಕದ್ದಲ್ಲ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.

ಕಾನೂನು ಮತ್ತು ಸಂರಕ್ಷಣೆ

ಯಂತ್ರವನ್ನು ಹೊಂದಿರುವುದು ಮೀನು ಹಿಡಿಯುವ ಹಕ್ಕನ್ನು ನೀಡುವುದಿಲ್ಲ. ಜಲಾಶಯ, ನದಿ ಹಾಗೂ ಕೆರೆಗಳಲ್ಲಿ ಮೀನು ಹಿಡಿಯಲು ಪರವಾನಗಿ ಅಥವಾ ಗುತ್ತಿಗೆಯ ನಿಯಮಗಳು ಎಂದಿನಂತೆ ಅನ್ವಯವಾಗುತ್ತವೆ. ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದ್ದು, ಅಲ್ಲಿನ ನಿರ್ಬಂಧಗಳ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನುಗಳು ಉಳಿದ ಆಳದ ಗುಂಡಿಗಳಲ್ಲಿ ಸೇರುತ್ತವೆ. ಅಂತಹ ಗುಂಡಿಗಳನ್ನು ಯಂತ್ರವು ಸುಲಭವಾಗಿ ಪತ್ತೆ ಮಾಡುತ್ತದೆ. ಆದರೆ ಮುಂದಿನ ಮಳೆಗಾಲದಲ್ಲಿ ಮೊಟ್ಟೆಯಿಡಬೇಕಾದ ಮೀನುಗಳೂ ಅಲ್ಲಿಯೇ ಇರುತ್ತವೆ. ಅವುಗಳನ್ನು ಪೂರ್ತಿಯಾಗಿ ಬಲೆಗೆ ಹಾಕಿದಲ್ಲಿ ಮರುವರ್ಷದ ನಷ್ಟವು ಅದೇ ಮೀನುಗಾರರ ಪಾಲಿಗೆ ಬರುತ್ತದೆ.

ಸಹಾಯಧನ ಮತ್ತು ಅರ್ಜಿ ಸಲ್ಲಿಕೆ

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರ ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಮೀನು ಶೋಧಕ ಯಂತ್ರಕ್ಕೆ ಸಹಾಯಧನ ದೊರೆಯುತ್ತದೆಂದು ಭಾವಿಸಿ ಮುಂಚಿತವಾಗಿ ಕೊಳ್ಳತಕ್ಕದ್ದಲ್ಲ. ಆಯಾ ವರ್ಷದ ಮಾರ್ಗಸೂಚಿಯಲ್ಲಿ ಹರಿಗೋಲು, ಬಲೆ ಮತ್ತು ಸಲಕರಣೆಗಳ ಪಟ್ಟಿಯಲ್ಲಿ ಏನೇನು ಸೇರಿದೆ ಎಂಬುದನ್ನು ಕಚೇರಿಯಲ್ಲಿ ಕೇಳಿ, ಮಂಜೂರಾತಿಯ ನಂತರವೇ ಖರೀದಿಸುವುದು. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರಲ್ಲಿ ಮೀನುಗಾರರಿಗೂ ವಿಸ್ತರಿಸಲಾಗಿದ್ದು, ಅದು ದುಡಿಯುವ ಬಂಡವಾಳಕ್ಕಾಗಿ ನೀಡಲಾಗುವ ಸಾಲವಾಗಿದೆ. 2024ರಲ್ಲಿ ಆರಂಭಗೊಂಡ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಮೀನುಗಾರರು ಹೆಸರು ನೋಂದಾಯಿಸಿಕೊಳ್ಳಬಹುದು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಆ ಜಿಲ್ಲೆಯ ಕೇಂದ್ರವಾಗಿದೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇವೆ. ಆದುದರಿಂದ ಬಂಡ್ರಿ ಗ್ರಾಮದ ಅರ್ಜಿದಾರರು ಹೊಸಪೇಟೆ ಭಾಗದ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರೂ, ಸಹಾಯಧನ ಯೋಜನೆಗಳ ಬಗ್ಗೆ ಮೊದಲು ತಮ್ಮ ವಾಸದ ತಾಲ್ಲೂಕಾದ ಸಂಡೂರಿನಲ್ಲಿ ವಿಚಾರಿಸುವುದು ಸೂಕ್ತ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಂತ್ರವು ಮೀನಿನ ಜಾತಿಯನ್ನು ತಿಳಿಸುತ್ತದೆಯೇ?
ಉತ್ತರ: ಇಲ್ಲ. ಪ್ರತಿಧ್ವನಿಯಿಂದ ಜಾತಿಯನ್ನು ಗುರುತಿಸಲಾಗದು. ಯಾವ ಆಳದಲ್ಲಿ ಕಂಡಿತು ಎಂಬುದರಿಂದ ಅನುಭವಿಗಳು ಊಹಿಸಬಹುದು, ಅಷ್ಟೆ.

ಪ್ರಶ್ನೆ: ಯಂತ್ರವು 5 ಮೀಟರ್ ಆಳದಲ್ಲಿ ಮೀನು ತೋರಿಸಿದರೆ ಅದು ನೇರವಾಗಿ ಕೆಳಗಿದೆಯೇ?
ಉತ್ತರ: ಹಾಗೆಂದು ಹೇಳಲಾಗದು. ಧ್ವನಿಯ ಹರವಿನೊಳಗೆ ಯಾವ ಪಕ್ಕದಲ್ಲಾದರೂ ಇರಬಹುದು. ಯಂತ್ರವು ತಿಳಿಸುವುದು ಸಂವೇದಕದಿಂದ ಮೀನಿಗಿರುವ ದೂರವನ್ನು.

ಪ್ರಶ್ನೆ: ಸಮುದ್ರ ಮೀನುಗಾರರಿಗೆ ಬರುವಂತೆ ಮೀನು ಇರುವ ಸ್ಥಳದ ಮುನ್ಸೂಚನೆ ಜಲಾಶಯಕ್ಕೂ ದೊರೆಯುವುದೇ?
ಉತ್ತರ: ಹೈದರಾಬಾದಿನ ಇಂಕಾಯಿಸ್ ಸಂಸ್ಥೆಯು ಉಪಗ್ರಹ ಮಾಹಿತಿ ಆಧರಿಸಿ ನೀಡುವ ಆ ಮುನ್ಸೂಚನೆ ಸಮುದ್ರಕ್ಕೆ ಸಂಬಂಧಿಸಿದ್ದು. ಅದು ಜಲಾಶಯಗಳಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಯಂತ್ರವಿದ್ದರೆ ಮೀನು ಹೆಚ್ಚು ಸಿಗುವುದೇ?
ಉತ್ತರ: ಖಚಿತವಾಗಿ ಹೇಳಲಾಗದು. ಬಲೆ ಹರಿಯುವುದು ಕಡಿಮೆಯಾಗಬಹುದು, ಬಲೆ ಬಿಡುವ ಸ್ಥಳದ ಆಯ್ಕೆ ಸುಲಭವಾಗಬಹುದು. ಬಲೆ ದುರಸ್ತಿ ಮತ್ತು ಹೊಸ ಬಲೆಗೆ ವರ್ಷಕ್ಕೆ ಆಗುವ ಖರ್ಚನ್ನು ಯಂತ್ರದ ಬೆಲೆಯೊಂದಿಗೆ ಹೋಲಿಸಿ ನೋಡಿದ ನಂತರವೇ ತೀರ್ಮಾನಿಸುವುದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು. ಅರ್ಜಿದಾರರು ಗುರುತಿನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ ಹಾಗೂ ಪರವಾನಗಿ ಅಥವಾ ಸಹಕಾರ ಸಂಘದ ಸದಸ್ಯತ್ವದ ದಾಖಲೆಗಳಿದ್ದಲ್ಲಿ ಅವುಗಳ ಪ್ರತಿಗಳನ್ನು ಜೊತೆಯಲ್ಲಿ ತರುವುದು.